ಹುಟ್ಟಿದ ಊರಾ, ಹೆತ್ತವರ ರಕ್ತವಾ? ನೀವು ಯಾವ ದೇಶದವರು?

[ತೆರೆಯ ಮೇಲೆ: ಹಳೆಯ ಬಂದರಿನ ಚಿತ್ರ]

ನಮಸ್ಕಾರ. 1895ನೇ ಇಸವಿ. ಚೀನಾದಿಂದ ಹೊರಟ ಹಡಗೊಂದು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತು. ಅದರಲ್ಲಿ ವಾಂಗ್ ಕಿಮ್ ಆರ್ಕ್ ಅಂತ ಒಬ್ಬ ಯುವಕ ಇದ್ದ. ಅಡುಗೆ ಕೆಲಸದವನು. ಹುಟ್ಟಿದ್ದು ಅದೇ ಊರಲ್ಲಿ, ಚೀನಾಗೆ ಹೋಗಿ ವಾಪಸ್ ಬಂದಿದ್ದ ಅಷ್ಟೇ. ಆದರೆ ಅಧಿಕಾರಿಗಳು ಅವನನ್ನು ಇಳಿಯಲು ಬಿಡಲಿಲ್ಲ. ಅಪ್ಪ ಅಮ್ಮ ಚೀನಾದವರು, ಹಾಗಾಗಿ ನೀನೂ ಚೀನಾದವನೇ ಅನ್ನೋದು ಅವರ ವಾದ. ಹುಟ್ಟಿದ ಊರು ಕಣ್ಣೆದುರಿಗೇ ಇದೆ, ಕಾಲಿಡೋ ಹಾಗಿಲ್ಲ. ಹೀಗೆ ತಿಂಗಳುಗಟ್ಟಲೆ ಹಡಗಿನಲ್ಲೇ ಕಳೆದ.

1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಸಂವಿಧಾನದ 14ನೇ ತಿದ್ದುಪಡಿ ಪ್ರಕಾರ, ಆ ನೆಲದಲ್ಲಿ ಹುಟ್ಟಿದವನು ಆ ದೇಶದವನೇ. ಗಮನಿಸಿ, ಆಗಿನ ಕಾನೂನಿನಲ್ಲಿ ಅವನ ಅಪ್ಪ ಅಮ್ಮ ಅಲ್ಲಿ ಎಷ್ಟು ವರ್ಷ ಇದ್ದರೂ ನಾಗರಿಕರಾಗಲು ಸಾಧ್ಯವೇ ಇರಲಿಲ್ಲ.

[ತೆರೆಯ ಮೇಲೆ: ಜರ್ಮನಿ, 1961]

ಜರ್ಮನಿ ಇದಕ್ಕೆ ಪೂರ್ತಿ ಉಲ್ಟಾ. 1913ರ ಕಾನೂನು ನೋಡುತ್ತಿದ್ದದ್ದು ರಕ್ತಸಂಬಂಧವನ್ನು. ಕೆಲಸಗಾರರನ್ನು ಕರೆಸಿಕೊಳ್ಳಲು ಟರ್ಕಿ ಜೊತೆ 1961ರಲ್ಲಿ ಆದ ಒಪ್ಪಂದದ ನಂತರ ಅಲ್ಲಿಂದ ಲಕ್ಷಾಂತರ ಜನ ಜರ್ಮನಿಗೆ ದುಡಿಯಲು ಹೋದರು. ಅವರ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲಿನ ಭಾಷೆಯಲ್ಲೇ ಜಗಳ ಆಡಿ ಬೆಳೆದರೂ ಕಾಗದದಲ್ಲಿ ವಿದೇಶಿಯರಾಗಿಯೇ ಉಳಿದರು. ಅದೇ ಹೊತ್ತಿಗೆ ತಲೆಮಾರುಗಳಿಂದ ರಷ್ಯಾ, ಕಜಕಸ್ತಾನದಲ್ಲಿದ್ದ ಜರ್ಮನ್ ಮೂಲದವರು ಬಂದರೆ, ಭಾಷೆ ಸರಿಯಾಗಿ ಬಾರದಿದ್ದರೂ ಪೌರತ್ವ ಸಿಗುತ್ತಿತ್ತು. 2000ನೇ ಇಸವಿಯಿಂದ, ಷರತ್ತುಗಳ ಮೇಲೆ, ಅಲ್ಲಿ ಹುಟ್ಟಿದ್ದೂ ಲೆಕ್ಕಕ್ಕೆ ಬಂತು.

ಹಾಗಂತ ಹುಟ್ಟಿದ ಜಾಗವೇ ಎಲ್ಲಾ ಅಂತ ನಾನು ಹೇಳಲ್ಲ. ಎಲ್ಲೋ ಹುಟ್ಟಿ, ಹತ್ತೇ ದಿನಕ್ಕೆ ಆ ದೇಶ ಬಿಟ್ಟ ಮಗುವಿಗೆ ಅಲ್ಲಿನ ನಂಟೇನು? ಮುತ್ತಜ್ಜನ ದೇಶವನ್ನು ಒಮ್ಮೆಯೂ ನೋಡದವನಿಗೂ ಅದೇ ಪ್ರಶ್ನೆ. ಇಟಲಿ ತುಂಬಾ ವರ್ಷ ಅಂಥವರಿಗೂ ಪೌರತ್ವ ಕೊಡುತ್ತಿತ್ತು, 2025ರಲ್ಲಿ ಅದನ್ನು ಬಿಗಿ ಮಾಡಿತು.

ನನ್ನ ಪ್ರಕಾರ ಜಾಸ್ತಿ ತೂಕ ಇರಬೇಕಾದದ್ದು ಬೆಳೆದ ಜಾಗಕ್ಕೆ. ಯಾವ ಭಾಷೆಯಲ್ಲಿ ಎಣಿಸುತ್ತೀರಿ, ಯಾರ ಚುನಾವಣೆ ನಿಮ್ಮ ನಿದ್ದೆ ಕೆಡಿಸುತ್ತದೆ, ಅದು ನಿಮ್ಮ ದೇಶ ಅಲ್ವಾ? ಆದರೆ ಅದನ್ನು ಯಾವ ಅರ್ಜಿಯೂ ಕೇಳಲ್ಲ. ಸಾಲದ್ದಕ್ಕೆ, ಕೊಟ್ಟ ಪೌರತ್ವವನ್ನು ಕಿತ್ತುಕೊಳ್ಳಲೂಬಹುದು. 2013ರಲ್ಲಿ ಕೆರಿಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್‌ನ ಸಂವಿಧಾನ ನ್ಯಾಯಾಲಯ 1929ರಿಂದ ಅಲ್ಲಿ ಹುಟ್ಟಿದವರವರೆಗೂ ಹಿಂದಕ್ಕೆ ಹೋಗಿ, ಪಕ್ಕದ ಹೈಟಿ ದೇಶದ ಮೂಲದ ಸಾವಿರಾರು ಜನರ ಪೌರತ್ವ ಅಳಿಸಿತು. ಬೇರೆ ದೇಶವನ್ನೇ ಕಾಣದವರು ಒಂದೇ ತೀರ್ಪಿಗೆ ಯಾವ ದೇಶದವರೂ ಅಲ್ಲದಂತಾದರು. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ.

[ತೆರೆಯ ಮೇಲೆ: ಮತ್ತೆ ಬಂದರಿನ ಚಿತ್ರ]

ಇನ್ನು ವಾಂಗ್ ಕಿಮ್ ಆರ್ಕ್. ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಗೆದ್ದಿದ್ದ, ಅಲ್ವಾ? 1901ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಅವನನ್ನು ಮತ್ತೆ ಹಿಡಿದರು. ತಾನು ಅಮೆರಿಕದವನು ಅಂತ ಇನ್ನೊಮ್ಮೆ ಸಾಬೀತು ಮಾಡುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.