ಬೆಟ್ಟದಲ್ಲಿ ಮೂರು ಪಾಳಿ

ಕೇಳುಗರಿಗೆ ನಮಸ್ಕಾರ.

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದರೆ ಹಂಗಳ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ರಸ್ತೆ. ಮುಂಗಾರು ಶುರುವಾದ ಮೇಲೆ ಈ ಸೀಮೆಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು. ಕಾರು ನಿಲ್ಲಿಸಿ, ಹೊಲಕ್ಕಿಳಿದು, ಗಿಡ ತುಳಿದು ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದರೆ ಬೆಟ್ಟದ ಪ್ರವಾಸ ಬೆಟ್ಟ ಮುಟ್ಟುವ ಮೊದಲೇ ಆರಂಭವಾಗುತ್ತದೆ ಎನ್ನಬೇಕು.

ಆದರೆ ಬುಡದಲ್ಲಿ ಆ ಕಾರುಗಳೆಲ್ಲ ನಿಲ್ಲಲೇಬೇಕು. ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಸರದಿಯಲ್ಲಿ ನಿಂತು ಗೊಣಗುವವರಿದ್ದಾರೆ. ನನಗಂತೂ ಈ ಏರ್ಪಾಡು ಬಹಳ ಹಿಡಿಸುತ್ತದೆ. ಸ್ವಂತ ಕಾರಿನಲ್ಲಿ ಬಂದವನು ತಿರುವಿನಲ್ಲಿ ಆನೆ ಕಂಡರೆ ಬಾಗಿಲು ತೆರೆಯುತ್ತಾನೆ, ಮೊಬೈಲ್ ಹಿಡಿದು ನಾಲ್ಕು ಹೆಜ್ಜೆ ಮುಂದೆ ಇಡುತ್ತಾನೆ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಹಾಗೆಯೇ ಆನೆಯ ಹತ್ತಿರಕ್ಕೆ ಹೋದವನೊಬ್ಬ ತುಳಿತಕ್ಕೆ ಸಿಕ್ಕು ಬದುಕಿ ಉಳಿದ. ದೃಶ್ಯವನ್ನು ನಾಡೆಲ್ಲ ನೋಡಿತು. ಬಸ್ಸಿನಲ್ಲಿ ಕುಳಿತವನಿಗೆ ಅಂಥ ಶೌರ್ಯಕ್ಕೆ ಅವಕಾಶವಿಲ್ಲ.

1,454 ಮೀಟರ್ ಎತ್ತರದ ಈ ಬೆಟ್ಟದ ತುದಿಯಲ್ಲಿ ವೇಣುಗೋಪಾಲಸ್ವಾಮಿಯ ಗುಡಿ. ಹತ್ತಿರದ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತಂತೆ, ಅದಕ್ಕೇ ಇಲ್ಲಿ ಕಾಗೆಗಳಿಲ್ಲವಂತೆ. ನಾನು ಕಾಗೆಯ ಲೆಕ್ಕ ಇಟ್ಟವನಲ್ಲ. ಆನೆಯಂತೂ ಗುಡಿಯ ಬಳಿಗೇ ಬಂದು ನಿಲ್ಲುವುದುಂಟು. ಮೈಸೂರು ಅರಸರು 1941ರಲ್ಲಿ ಬಂಡೀಪುರದ ರಕ್ಷಿತ ಕಾಡನ್ನು ವಿಸ್ತರಿಸಿದಾಗ ಇಟ್ಟ ಹೆಸರೇ ವೇಣುಗೋಪಾಲ ವನ್ಯಜೀವಿ ಉದ್ಯಾನ. ಹುಲಿ ಯೋಜನೆ ಬಂದದ್ದು ಆಮೇಲೆ, 1973ರಲ್ಲಿ.

ಕತ್ತಲಾಗುವ ಮೊದಲೇ ಭಕ್ತರನ್ನೆಲ್ಲ ಬಸ್ಸು ಕೆಳಗಿಳಿಸುತ್ತದೆ. ಹಗಲು ಪಾಳಿ ಅಲ್ಲಿಗೆ ಮುಗಿಯಿತು. ಕೆಳಗಿನ ಹೆದ್ದಾರಿಗಳಲ್ಲೂ ಅದೇ ನಿಯಮ: ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ, ತುರ್ತು ವಾಹನಗಳು ಮತ್ತು ಕೆಲವೇ ಬಸ್ಸುಗಳನ್ನು ಬಿಟ್ಟರೆ ಬಂಡೀಪುರದೊಳಗೆ ಸಂಚಾರವಿಲ್ಲ. 2009ರಲ್ಲಿ ಬಂದ ಈ ನಿರ್ಬಂಧವನ್ನು ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ವಯನಾಡಿನ ಜನ ಇದಕ್ಕೆ ಸಿಟ್ಟಾಗಿದ್ದಾರೆ, ಸುಲ್ತಾನ್ ಬತ್ತೇರಿಯಲ್ಲಿ ಉಪವಾಸವನ್ನೂ ಕುಳಿತಿದ್ದಾರೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಸುತ್ತಿ ಹೋಗುವುದು ದೂರ, ನಿಜ. ಆದರೆ ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು ಎಂದು ನಾವು ಹೆಸರಿಟ್ಟು ಗಡಿ ಕೊರೆದಿರುವುದೆಲ್ಲ ಆನೆಗೆ ಒಂದೇ ಕಾಡು. ಬೇಸಿಗೆಯಲ್ಲಿ ನೀರು ಹುಡುಕುತ್ತ ಕಬಿನಿ ಹಿನ್ನೀರಿನತ್ತ ಹೊರಟ ಹಿಂಡು ಲಾರಿಗಳ ಸಾಲಿನ ನಡುವೆ ಮರಿಗಳನ್ನು ದಾಟಿಸಬೇಕೆ? ಮುಳ್ಳುಹಂದಿ, ಪುನುಗು ಬೆಕ್ಕು, ಮೊಲಗಳ ಸಂಸಾರವೆಲ್ಲ ನಡೆಯುವುದು ಇರುಳಿನಲ್ಲೇ. ದೀಪದ ಬೆಳಕು ಕಣ್ಣಿಗೆ ಹೊಡೆದರೆ ಅವು ರಸ್ತೆಯ ನಡುವೆಯೇ ನಿಂತುಬಿಡುತ್ತವೆ. ಒಂಬತ್ತು ಗಂಟೆಯ ಈ ಬಿಡುವನ್ನು ಕಿತ್ತುಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಹಗಲು ಭಕ್ತರದು, ಇರುಳು ಪ್ರಾಣಿಗಳದು; ಇಲ್ಲಿಗೆ ಎರಡು ಪಾಳಿಯಾಯಿತು. ಇನ್ನೊಂದಿದೆ. ಅದನ್ನು ಯಾವ ಆದೇಶದಲ್ಲೂ ಬರೆದಿಲ್ಲ.

ಪ್ರವಾಸಿಯ ಕಾರು ಮೈಸೂರು ಮುಟ್ಟುವ ಹೊತ್ತಿಗೆ ಕಾಡಂಚಿನ ರೈತ ಟಾರ್ಚು, ಪಟಾಕಿ, ಕಂಬಳಿ ತೆಗೆದುಕೊಂಡು ಅಟ್ಟಣೆ ಹತ್ತುತ್ತಾನೆ. ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನೊಳಗೆ ಹುಲ್ಲು ಬೆಳೆಯಬೇಕಾದ ಜಾಗವನ್ನು ಲಂಟಾನ ಎಂಬ ಕಳೆಗಿಡ ಆವರಿಸಿಕೊಂಡಿದೆ. ಅದನ್ನು ಆನೆಯೂ ಮುಟ್ಟದು, ಜಿಂಕೆಯೂ ಮುಟ್ಟದು. ಹೊರಗೆ ನೋಡಿದರೆ ಬಾಳೆ, ಮುಸುಕಿನ ಜೋಳ. ಆನೆ ಕಂದಕ ತೋಡಿದ್ದಾರೆ, ಆದರೆ ಎರಡು ಮಳೆಗೆ ಅಂಚು ಕುಸಿದು ಹೂಳು ತುಂಬಿದರೆ ಆನೆಗೆ ಅದೇ ಇಳಿಜಾರು ದಾರಿ. ರೈಲು ಹಳಿಗಳಿಂದ ಮಾಡಿದ ತಡೆಗೋಡೆ ಗಟ್ಟಿ, ಆದರೆ ಅದು ಮುಗಿಯುವ ಜಾಗ ಆನೆಗೆ ಚೆನ್ನಾಗಿ ಗೊತ್ತು. ಬೆಳೆ ಹೋದರೆ ಪರಿಹಾರವಿದೆ: ಅರ್ಜಿ, ಫೋಟೊ, ಮಹಜರು, ಆಮೇಲೆ ಕಾಯುವುದು. ಮೂರು ತಿಂಗಳು ನಿದ್ದೆಗೆಟ್ಟದ್ದಕ್ಕೆ ಅರ್ಜಿ ನಮೂನೆಯೇ ಇಲ್ಲ. ಹೀಗಿದ್ದೂ ಈ ಊರುಗಳವರನ್ನು ಕಾಡಿನ ಶತ್ರುಗಳು ಎನ್ನುವವರಿದ್ದಾರೆ. ಹಾಗೆನ್ನುವವರು ಸಾಮಾನ್ಯವಾಗಿ ಹಗಲು ಪಾಳಿಯವರು.

ಆನೆ ಕಾಣುತ್ತದೆ ಎಂಬ ಕಾರಣಕ್ಕೇ ರೆಸಾರ್ಟಿನ ಕೋಣೆಗೆ ಆ ಬಾಡಿಗೆ, ಸಫಾರಿಗೆ ಆ ಟಿಕೆಟ್. ಆ ಆನೆಯನ್ನು ಅರ್ಧ ಸಾಕುತ್ತಿರುವುದು ಬಾಳೆತೋಟ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಕಾಡು ನೋಡಲು ಬರುವ ಪ್ರತಿಯೊಬ್ಬನಿಂದ ಐವತ್ತು ರೂಪಾಯಿ ಹೆಚ್ಚಿಗೆ ಪಡೆಯಲಿ. ಆ ಹಣ ಬೆಂಗಳೂರಿನ ಖಜಾನೆ ಸುತ್ತಿ ಬರುವುದು ಬೇಡ, ಕಾಡಂಚಿನ ಗ್ರಾಮ ಪಂಚಾಯಿತಿಗಳಲ್ಲೇ ಉಳಿಯಲಿ. ಮಳೆಗಾಲ ಮುಗಿದ ಕೂಡಲೇ ಕಂದಕದ ಹೂಳೆತ್ತಿಸಲಿ, ಹಳಿ ನಿಂತುಹೋದ ಕಡೆ ಮುಂದುವರಿಸಲಿ, ಬೆಳೆ ಹೋದ ವಾರದೊಳಗೆ ರೈತನ ಕೈಗೆ ಮುಂಗಡ ಕೊಡಲಿ. ಐವತ್ತು ರೂಪಾಯಿ ಹೆಚ್ಚಿಗೆ ಕೇಳಿದರೆ ಪ್ರವಾಸಿಗಳು ಬರುವುದನ್ನೇ ಬಿಟ್ಟಾರೆಂಬ ಭಯ ಕೆಲವರಿಗಿದೆ. ಹಂಗಳದ ದಾರಿಯಲ್ಲಿ ಒಂದು ಭಾನುವಾರ ನಿಂತು ಕಾರುಗಳನ್ನು ಎಣಿಸಿ ನೋಡಲಿ.

ನಮಸ್ಕಾರ.