ಶಿಷ್ಯರೂ ಅವರೇ, ಗುಂಪೂ ಅವರೇ

ಕೇಳುಗರಿಗೆ ನಮಸ್ಕಾರ. ಜರ್ಮನ್ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಯೇಸುವಿನ ಕಡೆಯ ದಿನಗಳ ಕಥೆ ಹೇಳುವ ಗಾನಕೃತಿ. ಅದನ್ನು ಹಾಡಲು ಎರಡು ಗಾಯಕವೃಂದ, ಎರಡು ವಾದ್ಯವೃಂದ ಬೇಕು. ಎರಡೂವರೆ ಗಂಟೆಗೂ ಮೀರಿದ ತಾಳ್ಮೆ ಬೇಕು. 1727ರ ಶುಭ ಶುಕ್ರವಾರ ಲೈಪ್ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ಕೇಳಿದವರಿಗೆ ನಡುವೆ ಒಂದು ಪ್ರವಚನವೂ ಇತ್ತು! ಆದರೆ ನಿಜವಾದ ಕಷ್ಟ ಉದ್ದದಲ್ಲಿಲ್ಲ. ವೃಂದದವರು ನಿಂತ ನಿಲುವಿನಲ್ಲೇ ಪಾತ್ರ ಬದಲಿಸಬೇಕಲ್ಲ, ಅದರಲ್ಲಿದೆ.

ಕಡೆಯ ಭೋಜನದ ಪ್ರಸಂಗವನ್ನೇ ತೆಗೆದುಕೊಳ್ಳಿ. ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು ಎನ್ನುತ್ತಾನೆ ಯೇಸು. ಗಾಬರಿಬಿದ್ದ ಶಿಷ್ಯರಾಗಿ ವೃಂದ ‘ಸ್ವಾಮೀ, ನಾನೇ?’ ಎಂದು ಕೇಳುತ್ತದೆ. ‘ಸ್ವಾಮೀ’ ಎಂಬ ಕರೆಯನ್ನು ಎಣಿಸಿದರೆ 11 ಬಾರಿ. ಶಿಷ್ಯರು 12 ಮಂದಿ. ಬಾಯಿ ಬಿಡದವನು ಯಾರೆಂದು ಹೇಳಬೇಕಾಗಿಲ್ಲ: ಹಿಡಿದುಕೊಡುವ ಯೂದ. ಗದ್ದಲ ನಿಲ್ಲುತ್ತಲೇ ಅದೇ ಗಾಯಕರು ಭಕ್ತಸಭೆಯಾಗಿ, ಊರಿಗೆಲ್ಲ ಪರಿಚಿತವಾದ ಪ್ರಾರ್ಥನೆಯ ಧಾಟಿಯಲ್ಲಿ, ‘ನಾನೇ, ಶಿಕ್ಷೆಗೆ ತಕ್ಕವನು ನಾನೇ’ ಎಂದು ಹಾಡುತ್ತಾರೆ. ಕೆಲವು ನಿರ್ದೇಶಕರು ಇಲ್ಲಿ ದೀರ್ಘ ವಿರಾಮ ಕೊಡುತ್ತಾರೆ. ನನಗದು ಹಿಡಿಸುವುದಿಲ್ಲ. ಪ್ರಶ್ನೆಯ ಬೆನ್ನಿಗೇ ಉತ್ತರ ಬಿದ್ದರೆ ಮಾತ್ರ ಚುರುಕು ಮುಟ್ಟುವುದು.

ಮುಂದೆ, ಯೇಸುವನ್ನೋ ಸೆರೆಯಾಳು ಬರಬ್ಬನನ್ನೋ, ಯಾರನ್ನು ಬಿಡಲಿ ಎಂದು ರೋಮನ್ ಅಧಿಪತಿ ಪಿಲಾತ ಕೇಳಿದಾಗ ಇವರೇ ಬೀದಿಯ ಜನ. ‘ಬರಬ್ಬನನ್ನು!’ ಎರಡೂ ವೃಂದಗಳಿಂದ ಒಂದೇ ಕರ್ಕಶ ಸ್ವರಗುಚ್ಛ. ಮೊದಲ ಬಾರಿ ಕೇಳಿದವರು ಬೆಚ್ಚದೆ ಇರುವುದಿಲ್ಲ.

ಎಷ್ಟು ಜನ ಹಾಡಬೇಕೆಂಬ ಜಗಳ ಇನ್ನೂ ಮುಗಿದಿಲ್ಲ. 1730ರಲ್ಲಿ ನಗರಸಭೆಗೆ ಬರೆದ ಮನವಿಯಲ್ಲಿ ಬಾಖ್ ಕೇಳಿದ್ದು ವೃಂದಕ್ಕೆ ಕನಿಷ್ಠ 12 ಮಂದಿ, 16 ಇದ್ದರೆ ಲೇಸು. 1829ರಲ್ಲಿ, 20 ವರ್ಷದ ಸಂಗೀತಕಾರ ಮೆಂಡೆಲ್ಸನ್ ಬರ್ಲಿನ್‌ನಲ್ಲಿ ಕೃತಿಗೆ ಮರುಜೀವ ಕೊಟ್ಟಾಗ ನಿಂತವರು ನೂರೈವತ್ತಕ್ಕೂ ಹೆಚ್ಚು. ವೃಂದದ ಒಂದೊಂದು ಧ್ವನಿಭಾಗಕ್ಕೆ ಒಬ್ಬನೇ ಗಾಯಕ ಸಾಕಾಗಿತ್ತು ಎಂದು ಸಂಗೀತ ವಿದ್ವಾಂಸ ಜೋಶುವಾ ರಿಫ್ಕಿನ್ 1981ರಲ್ಲಿ ವಾದ ಹೂಡಿದರು. ನನ್ನ ಒಲವು ಚಿಕ್ಕ ವೃಂದದ ಕಡೆಗೆ. ಹೆಚ್ಚು ಜನ ಸೇರಿದಷ್ಟೂ ಮಾತು ಮಸುಕಾಗುತ್ತದೆ, ಮಾತು ಮಸುಕಾದರೆ ಪಾತ್ರ ಬದಲಾದದ್ದೇ ತಿಳಿಯುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಉಳಿದುಬಂದಿರುವ ಬಾಖ್‌ನ ಕಾಲದ ಸ್ವರಪ್ರತಿಗಳಲ್ಲಿ ಯೇಸುವಿನ ಸಾಲುಗಳೂ ಮೊದಲ ವೃಂದದ ಮಂದ್ರ ಸ್ವರದ ಸಾಲುಗಳೂ ಒಬ್ಬನ ಪ್ರತಿಯಲ್ಲೇ ಇವೆ. ಅಂದರೆ ಯೇಸುವಾಗಿ ಹಾಡಿದವನೇ ‘ಅವನನ್ನು ಶಿಲುಬೆಗೇರಿಸಿ’ ಎಂದೂ ಕೂಗಬೇಕು. ಇಂದಿನ ಬಹುಪಾಲು ಕಛೇರಿಗಳಲ್ಲಿ ಆ ಗಾಯಕ ತನ್ನ ಸರದಿ ಮುಗಿಸಿ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಎದ್ದು ವೃಂದದವರೊಡನೆ ಹಾಡಲಿ ಎಂಬುದು ನನ್ನ ಹಟ.