ಎರಡಾಣೆಯ ಗಿರಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ವ್ಯಾಪಾರದಲ್ಲಿ ದೂರದೃಷ್ಟಿ ಇರುವ ನಾಯಕ ಅಂದರೆ ಯಾರು? ಈ ಮಾತು ಬಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ವೇದಿಕೆ, ಹಿಂದೆ ದೊಡ್ಡ ಪರದೆ, ಕಪ್ಪು ಟೀ ಶರ್ಟ್ ಹಾಕಿಕೊಂಡು 'ಇನ್ನು ಹತ್ತು ವರ್ಷಕ್ಕೆ ಪ್ರಪಂಚ ಹೀಗಿರುತ್ತೆ' ಎಂದು ಹೇಳುವ ಒಬ್ಬ ಮನುಷ್ಯ. ಅಲ್ವಾ? ಅಂಥವರ ಗೊಡವೆ ಇವತ್ತು ಬೇಡ. ಉಡುಪಿಗೆ ಹೋಗೋಣ ಬನ್ನಿ, 1925ರ ಉಡುಪಿಗೆ.

ಆಗ ಕರಾವಳಿಯಲ್ಲಿ ಕೈಮಗ್ಗದ ಕಸುಬು ನೆಲಕಚ್ಚಿತ್ತು. ಮಗ್ಗ ಮನೆಯಲ್ಲೇ ಇದೆ, ನೇಯುವ ಕೈ ಇದೆ, ಕೆಲಸ ನಡೆಸಲು ದುಡ್ಡಿಲ್ಲ. ಇಂಥ ಹೊತ್ತಿನಲ್ಲಿ ಮೂವರು ಸೇರಿ ಒಂದು ಬ್ಯಾಂಕು ಕಟ್ಟಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ. ವಾಮನ ಕುಡ್ವ ಎಂಜಿನಿಯರ್. ಮೂರನೆಯವರು ಡಾಕ್ಟರು, ಟಿ.ಎಂ.ಎ. ಪೈ. ಉಪೇಂದ್ರ ಪೈಗಳ ತಮ್ಮ, ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದವರು. ಬ್ಯಾಂಕಿಗೆ ಹಾಕಿದ ಬಂಡವಾಳ 8,000 ರೂಪಾಯಿ. ಹೆಸರು ಮಾತ್ರ ಮಾರುದ್ದ: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ನಾವೆಲ್ಲ ಸಿಂಡಿಕೇಟ್ ಬ್ಯಾಂಕ್ ಎಂದು ಕರೆದದ್ದು ಇದನ್ನೇ.

ಆ ಸೀಮೆಗೆ ಬ್ಯಾಂಕು ಹೊಸದೇನಲ್ಲ. 1906ರಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನು ಶುರು ಮಾಡಿಸಿದ್ದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿನ ಬೀಜ ಹಾಕಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕೂ ಬಂತು. ಹಾಗಿರುವಾಗ ಇನ್ನೊಂದು ಬ್ಯಾಂಕು ಯಾಕೆ ಬೇಕಿತ್ತು?

ಇದಕ್ಕೆ ಉತ್ತರ ಸಿಗುವುದು ಮೂರು ವರ್ಷದ ಮೇಲೆ, 1928ರಲ್ಲಿ. ಆ ವರ್ಷ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಅದನ್ನು ಕಟ್ಟಲು ನೀವು ಬ್ಯಾಂಕಿಗೆ ಬರಬೇಕಾಗಿಲ್ಲ, ಬ್ಯಾಂಕಿನ ಏಜೆಂಟೇ ನಿಮ್ಮ ಬಾಗಿಲಿಗೆ ಬರುತ್ತಾನೆ.

ಸ್ವಲ್ಪ ಲೆಕ್ಕ ಹಾಕೋಣ. ಆಗ ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ಒಂದು ರೂಪಾಯಿ ಆಗಲು ಎಂಟು ದಿನ. ತಿಂಗಳಿಗೆ ಮೂರು ಮುಕ್ಕಾಲು ರೂಪಾಯಿ. ಒಂದು ದಿನವೂ ತಪ್ಪಿಸದೆ ವರ್ಷ ಪೂರ್ತಿ ಕಟ್ಟಿದರೆ 45 ರೂಪಾಯಿ 10 ಆಣೆ. ಕೋಟು ಹಾಕಿಕೊಂಡು ಕೂತ ಬ್ಯಾಂಕ್ ಮ್ಯಾನೇಜರಿಗೆ ಇದು ಒಂದು ಲೆಕ್ಕವೇ? ಒಂದು ಖಾತೆ ತೆರೆದು, ಪುಸ್ತಕ ಬರೆದು, ದಿನಾ ಒಬ್ಬನನ್ನು ಅವರ ಮನೆಗೆ ಓಡಿಸಿದರೆ ಖರ್ಚೇ ಜಾಸ್ತಿ. ಯಾರಿಗಾದರೂ ಹೀಗೇ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದು ತಪ್ಪೂ ಅಲ್ಲ.

ಈಗ ಇದನ್ನೇ ಎರಡಾಣೆಯವನ ಕಡೆಯಿಂದ ನೋಡಿ. ಮೀನು ಮಾರುವ ಹೆಂಗಸು, ಬೀಡಿ ಅಂಗಡಿಯವನು, ದರ್ಜಿ, ಹೋಟೆಲ್ ಮಾಣಿ, ಇವರ ಕೈಗೆ ಕಾಸು ದಿನಾ ಬರುತ್ತದೆ, ದಿನಾ ಹೋಗುತ್ತದೆ. ತಿಂಗಳ ಕೊನೆಗೆ ಉಳಿಸೋಣ ಅಂದರೆ ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. ಬ್ಯಾಂಕು ತೆರೆದಿರುವ ಹೊತ್ತೇ ಅವರ ವ್ಯಾಪಾರದ ಹೊತ್ತು. ಎರಡಾಣೆ ಕಟ್ಟಲು ಹೋದರೆ ಅರ್ಧ ದಿನದ ದುಡಿಮೆ ಕೈಬಿಡುತ್ತದೆ. ಮೇಲಿಂದ ಆ ಕೌಂಟರು, ಆ ಕಬ್ಬಿಣದ ಕಂಬಿ, ಸಹಿ ಹಾಕಲು ಬಾರದ ನಾಚಿಕೆ. ಇವರಿಗೆ ಉಳಿಸುವ ಬುದ್ಧಿ ಇಲ್ಲ ಎನ್ನುವುದು ಸುಳ್ಳು. ಉಳಿಸಿದ್ದನ್ನು ಇಡುವ ಜಾಗ ಇವರಿಗೆ ಇರಲಿಲ್ಲ.

ಕರಾವಳಿಯ ಪೇಟೆಯಲ್ಲಿ ಬೆಳೆದವರಿಗೆ ಪಿಗ್ಮಿ ಕಲೆಕ್ಟರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಕಂಕುಳಲ್ಲಿ ಚೀಲ, ಜೇಬಿನಲ್ಲಿ ಪೆನ್ನು. ಅಂಗಡಿಯ ಭಟ್ಟರು ಗಿರಾಕಿಗೆ ಬೆಲ್ಲ ತೂಗುತ್ತಲೇ ಎಡಗೈಯಲ್ಲಿ ಗಲ್ಲಾ ಎಳೆದು ನೋಟು ಕೊಡುತ್ತಿದ್ದರು. ಕಲೆಕ್ಟರು ಕಾರ್ಡಿನ ಮೇಲೆ ಬರೆದು ಸಹಿ ಹಾಕಿ ಕೊಡುತ್ತಿದ್ದರು. 'ನಿನ್ನೆ ಬಾಗಿಲು ಹಾಕಿತ್ತಲ್ಲ ಭಟ್ರೇ?' 'ಹೆಂಡತಿಗೆ ಜ್ವರ ಮಾರಾಯ್ರೇ, ಮಣಿಪಾಲಕ್ಕೆ ಕರ್ಕೊಂಡು ಹೋಗಿದ್ದೆ.' ಇಷ್ಟೇ ಮಾತು. ಮುಂದಿನ ಅಂಗಡಿ.

ಈ ಇಷ್ಟೇ ಮಾತು ಇದೆಯಲ್ಲ, ಬ್ಯಾಂಕಿಗೆ ಬಲು ದೊಡ್ಡ ಆಸ್ತಿ. ಯಾವ ಅಂಗಡಿಯಲ್ಲಿ ವ್ಯಾಪಾರ ಏರಿದೆ, ಯಾರು ಎರಡು ವಾರದಿಂದ 'ನಾಳೆ ಬನ್ನಿ' ಅನ್ನುತ್ತಿದ್ದಾರೆ, ಯಾರ ಮನೆಯಲ್ಲಿ ಮದುವೆ, ಯಾರದು ಜಗಳ, ಎಲ್ಲ ಆ ಕಲೆಕ್ಟರಿಗೆ ಗೊತ್ತು. ನಾಳೆ ಭಟ್ಟರು ಸಾಲ ಕೇಳಿದರೆ ಜಮೀನಿನ ಪತ್ರ ಇಲ್ಲದಿರಬಹುದು, ಆದರೆ ದಿನಾ ಕಟ್ಟಿದ ಪಿಗ್ಮಿ ಕಾರ್ಡ್ ಇದೆ. ಕಾಗದಪತ್ರ ಇಲ್ಲದ ಮನುಷ್ಯನ ಸಾಚಾತನಕ್ಕೆ ಅದೇ ಪುರಾವೆ. ಇವತ್ತು ಮೊಬೈಲ್ ಆ್ಯಪ್ ಕಂಪನಿಗಳು ನಮ್ಮ ದಿನದಿನದ ಹಣದ ಓಡಾಟ ನೋಡಿ ಸಾಲ ಕೊಡುತ್ತೇವೆ ಎಂದು ಹೇಳಿಕೊಳ್ಳುತ್ತವೆ. ಉಡುಪಿಯಲ್ಲಿ ಈ ಕೆಲಸವನ್ನು ಒಂದು ಪೆನ್ನು, ಒಂದು ಕಾರ್ಡು ಮಾಡಿದ್ದವು.

ಖರ್ಚಿನ ಪ್ರಶ್ನೆಗೆ ಉತ್ತರ ಕಮಿಷನ್. ಏಜೆಂಟಿಗೆ ತಿಂಗಳ ಸಂಬಳ ಇಲ್ಲ, ತಂದ ಹಣದ ಮೇಲೆ ಇಷ್ಟು ಅಂತ. ಅವನು ಎಷ್ಟು ಬಾಗಿಲು ತಟ್ಟಿದರೆ ಅಷ್ಟು ಆದಾಯ. ಒಂದೊಂದೇ ಎರಡಾಣೆ ತೆಗೆದುಕೊಂಡರೆ ಬ್ಯಾಂಕಿಗೆ ನಷ್ಟ, ಒಂದೇ ಬೀದಿಯಲ್ಲಿ ಐವತ್ತು ಎರಡಾಣೆ ಸಿಕ್ಕರೆ ಲಾಭ. ನನ್ನ ಮಟ್ಟಿಗೆ ಮುಂದಾಲೋಚನೆ ಅಂದರೆ ಈ ಜಾಗದಲ್ಲಿ ಇರುವುದು. 'ಬಡವರೂ ಉಳಿಸಬೇಕು' ಎಂದು ಭಾಷಣ ಮಾಡಿದವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದಿರಬೇಕು. ಆ ಮಾತನ್ನು ಸಂಜೆ ಆರು ಗಂಟೆಗೆ ಬೀದಿಯಲ್ಲಿ ನಡೆಸುವವರು ಯಾರು, ಅವನ ಹೊಟ್ಟೆಪಾಡು ಹೇಗೆ ಎಂದು ಕೂತು ಯೋಚಿಸಿದವರು ಕಡಿಮೆ. ಡಾಕ್ಟರಾಗಿದ್ದ ಪೈಗಳಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ ಅಂತ ನನಗನ್ನಿಸುತ್ತದೆ. ಊರಿನ ಡಾಕ್ಟರಿಗೆ ಯಾರ ಜೇಬಿನಲ್ಲಿ ಎಷ್ಟಿದೆ ಅಂತ ಊರಿನ ಸಾಹುಕಾರನಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ಹಾಗಂತ ಪಿಗ್ಮಿಯಲ್ಲಿ ಎಲ್ಲವೂ ಸಿಹಿಯೇ ಅಂತಲ್ಲ. ಬಿಸಿಲು ಮಳೆಯಲ್ಲಿ ತಿರುಗಿದ ಆ ಏಜೆಂಟರು ಬ್ಯಾಂಕಿನ ನೌಕರರೋ ಅಲ್ಲವೋ? ಈ ಜಗಳ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನ ತನಕ ಹೋಯಿತು. 2001ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಕಾನೂನಿನ ಪ್ರಕಾರ ಇವರೂ ಕಾರ್ಮಿಕರೇ ಹೌದು, ಆದರೆ ಕಾಯಂ ನೌಕರರ ಸಮಕ್ಕೆ ಸಂಬಳ ಕೇಳುವ ಹಾಗಿಲ್ಲ. ಇಡೀ ಯೋಜನೆ ನಿಂತದ್ದೇ ಅವರ ಕಾಲಿನ ಮೇಲೆ, ಸಿಕ್ಕಿದ್ದು ಅರೆಪಾಲು. ಇವತ್ತು ಮನೆಮನೆಗೆ ಊಟ ತಂದುಕೊಡುವ ಹುಡುಗರ ವಿಷಯದಲ್ಲೂ ನಡೆಯುತ್ತಿರುವುದು ಇದೇ ಚರ್ಚೆ.

ಪೈಗಳು ಬ್ಯಾಂಕಿನಲ್ಲಿ ನಿಲ್ಲಲಿಲ್ಲ. ಉಡುಪಿಯ ಪಕ್ಕದಲ್ಲಿ ಮಣಿಪಾಲ ಅಂತ ಒಂದು ಬೋಳು ಗುಡ್ಡ. 1953ರಲ್ಲಿ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು, ಸರಕಾರದ ದುಡ್ಡಿಲ್ಲದೆ ಶುಲ್ಕದ ಬಲದ ಮೇಲೆ ನಡೆದ ದೇಶದ ಮೊದಲ ಖಾಸಗಿ ಮೆಡಿಕಲ್ ಕಾಲೇಜು ಎಂದು ಹೆಸರಾದದ್ದು. ಕಾಲೇಜಿಗೆ ಕಟ್ಟಡ ಕಟ್ಟಬಹುದು, ರೋಗಿಗಳನ್ನು ಎಲ್ಲಿಂದ ತರುವುದು? ವಿದ್ಯಾರ್ಥಿಗಳು ಕಲಿಯಬೇಕಾದರೆ ದೊಡ್ಡ ಆಸ್ಪತ್ರೆ ಬೇಕು. ಅದಕ್ಕೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಂಡರು. ಕಾಲೇಜಿನ ಡಾಕ್ಟರು ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಾರೆ. ಪಿಗ್ಮಿಯ ಬುದ್ಧಿಯೇ ಇಲ್ಲೂ ಕೆಲಸ ಮಾಡಿದೆ ನೋಡಿ, ಇಲ್ಲದ್ದನ್ನು ಕಟ್ಟುವ ಮೊದಲು ಇರುವುದನ್ನು ಜೋಡಿಸುವುದು.

ಖಾಸಗಿ ಕಾಲೇಜು ಅಂದರೆ ಶುಲ್ಕದ ಮಾತೂ ಬರಲೇಬೇಕು. ಈ ದಾರಿಯಲ್ಲಿ ಆಮೇಲೆ ಬಂದವರಲ್ಲಿ ಹಲವರು ಡೊನೇಷನ್ನನ್ನೇ ವ್ಯಾಪಾರ ಮಾಡಿಕೊಂಡರು, 1984ರಲ್ಲಿ ಕರ್ನಾಟಕ ಅದಕ್ಕೊಂದು ತಡೆ ಕಾನೂನನ್ನೂ ತರಬೇಕಾಯಿತು. ಖಾಸಗಿ ಕಾಲೇಜುಗಳ ಹಕ್ಕು ಎಷ್ಟು, ಸರಕಾರದ ಹಿಡಿತ ಎಷ್ಟು ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರು ಕೊಟ್ಟ ತೀರ್ಪಿಗೆ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ ಎಂದೇ ಹೆಸರು. ಪಿಗ್ಮಿ ಅಂದರೇನು ಅಂತ ಗೊತ್ತಿಲ್ಲದ ದೆಹಲಿಯ ಕಾನೂನು ವಿದ್ಯಾರ್ಥಿಗೂ ಆ ಹೆಸರು ಬಾಯಿಪಾಠ.

ಈಗ ಇನ್ನೊಬ್ಬರ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಹಾಸನ ಜಿಲ್ಲೆಯ ಗೊರೂರಿನವರು, ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ರೇಷ್ಮೆ ಬೆಳೆದವರು. ಆಮೇಲೆ ಹೆಲಿಕಾಪ್ಟರ್ ಬಾಡಿಗೆ ಕಂಪನಿ. 2003ರಲ್ಲಿ ಏರ್ ಡೆಕ್ಕನ್. ಅವರಿಗೆ ಕಂಡದ್ದೂ ಎರಡಾಣೆಯ ಗಿರಾಕಿಯೇ. ರೈಲಿನಲ್ಲಿ ಓಡಾಡುವ ಸಾಮಾನ್ಯ ಜನರೂ ವಿಮಾನ ಹತ್ತಬಹುದಲ್ಲ ಎಂದು ಹೊರಟವರು ಅವರು. ಹುಬ್ಬಳ್ಳಿಯಂಥ ಊರಿಗೆ ಪಂಖದ ಚಿಕ್ಕ ಎಟಿಆರ್ ವಿಮಾನ ಬಿಟ್ಟರು. ಪುಕ್ಕಟೆ ಊಟ ಇಲ್ಲ. ಬೇಗ ಬುಕ್ ಮಾಡಿದವರಿಗೆ ಕೆಲವು ಟಿಕೆಟ್ ಒಂದು ರೂಪಾಯಿಗೆ. ಕಂಪನಿಯ ಗುರುತಿಗೆ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಬರೆದ ಶ್ರೀಸಾಮಾನ್ಯನ ಚಿತ್ರ. ಚೌಕಳಿ ಕೋಟಿನ ಆ ಮುದುಕ ವಿಮಾನ ಹತ್ತಿದ ಕಾಲ ಅದು.

ಕಂಡದ್ದು ನೂರಕ್ಕೆ ನೂರು ಸರಿ. ಆ ಗಿರಾಕಿ ನಿಜವಾಗಿಯೂ ಇದ್ದ, ಓಡಿಬಂದ. ಆದರೆ ದಿನದ ಲೆಕ್ಕ ಕೂಡಲಿಲ್ಲ. ಟಿಕೆಟ್ ಅಗ್ಗ, ಇಂಧನ ದುಬಾರಿ, ವಿಮಾನಗಳ ಸಂಖ್ಯೆ ಮಾತ್ರ ಭರಭರ ಏರಿತು. 2005ರಲ್ಲಿ ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೋ ಅದೇ ಗಿರಾಕಿಯನ್ನು ಹುಡುಕಿಕೊಂಡು ಬಂದವು. ನಷ್ಟ ತಾಳಲಾರದೆ 2007ರಲ್ಲಿ ಕಂಪನಿಯ ಪಾಲು ಕಿಂಗ್‌ಫಿಷರ್‌ಗೆ ಹೋಯಿತು. ಹೆಸರು ಬದಲಾಯಿತು, ಬಣ್ಣ ಬದಲಾಯಿತು. 2011ರಲ್ಲಿ ಕಿಂಗ್‌ಫಿಷರ್ ಅಗ್ಗದ ಸೇವೆಯನ್ನೇ ಕೈಬಿಡುತ್ತೇವೆ ಎಂದಿತು. ಮರುವರ್ಷ ಆ ಕಂಪನಿಯೇ ನೆಲಕ್ಕಿಳಿಯಿತು.

ಗೋಪಿನಾಥ್ ಅವರಿಗೆ ದೂರದೃಷ್ಟಿ ಇರಲಿಲ್ಲ ಎಂದು ಹೇಳುವವರ ಜೊತೆ ನಾನು ಜಗಳ ಆಡುತ್ತೇನೆ. ಇವತ್ತು ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಅವಲಕ್ಕಿ ಡಬ್ಬಿ ಹಿಡಿದುಕೊಂಡು ಮಗಳ ಮನೆಗೆ ಹೊರಟ ಅಜ್ಜಿ ಕಂಡರೆ ಅದರಲ್ಲಿ ಅವರ ಪಾಲೂ ಇದೆ. ಗೆದ್ದವರನ್ನು ಮಾತ್ರ ದಾರ್ಶನಿಕರು ಅನ್ನುವುದು ನಮ್ಮ ಪತ್ರಿಕೆಗಳ ಕೆಟ್ಟ ಚಾಳಿ. ಆದರೆ ಒಂದು ವ್ಯತ್ಯಾಸವನ್ನು ಹೇಳದೆ ಬಿಡಲಾರೆ. ಪೈಗಳ ಎರಡಾಣೆ ಬಂದ ದಿನವೇ ಬ್ಯಾಂಕಿಗೆ ಬಲ ಕೂಡಿಸುತ್ತಿತ್ತು. ಡೆಕ್ಕನ್‌ನ ಒಂದು ರೂಪಾಯಿ ಗಿರಾಕಿ ಹತ್ತಿದಷ್ಟೂ ಹೊರಗಿನಿಂದ ಯಾರೋ ದುಡ್ಡು ಹಾಕುತ್ತಲೇ ಇರಬೇಕಿತ್ತು. ಹಾಕುವವರು ಸುಸ್ತಾದ ದಿನ ಕನಸು ಬೇರೆಯವರ ಕೈಗೆ ಹೋಯಿತು.

ಕೈ ಬದಲಾದದ್ದು ಸಿಂಡಿಕೇಟ್ ಬ್ಯಾಂಕಿನದೂ ಹೌದು. ಉಪೇಂದ್ರ ಪೈಗಳ ಮಗ ಟಿ.ಎ. ಪೈ ಬ್ಯಾಂಕನ್ನು ಬೆಳೆಸಿದರು, ಮುಂದೆ ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು, ಕೇಂದ್ರ ಮಂತ್ರಿಯೂ ಆದರು. ಅರುವತ್ತರ ದಶಕದಲ್ಲೇ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಬರೀ ಹೆಂಗಸರೇ ನಡೆಸುವ ಶಾಖೆಯೊಂದನ್ನು ಬ್ಯಾಂಕು ತೆರೆದಿತ್ತು. 1969ರ ಜುಲೈ 19ರಂದು ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಅದರಲ್ಲಿ ಸಿಂಡಿಕೇಟ್ ಇತ್ತು, ಕೆನರಾ ಇತ್ತು. 1980ರಲ್ಲಿ ಮತ್ತೆ ಆರು ಬ್ಯಾಂಕು. ಅದರಲ್ಲಿ ಕಾರ್ಪೊರೇಷನ್, ವಿಜಯಾ. ಒಟ್ಟು ಇಪ್ಪತ್ತರಲ್ಲಿ ನಾಲ್ಕು ಒಂದೇ ಜಿಲ್ಲೆಯವು, ಅಂದಿನ ದಕ್ಷಿಣ ಕನ್ನಡದವು.

ಕಟ್ಟಿದವರ ಕೈತಪ್ಪಿದ ಮೇಲೆ ಬ್ಯಾಂಕು ಎರಡಾಣೆಯವನನ್ನು ಮರೆಯಿತೇ? 1975ರಲ್ಲಿ ಹಳ್ಳಿಗಳಿಗೆಂದೇ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಬೇಕು ಎಂದು ಕೇಂದ್ರ ಸರಕಾರ ಹೊರಟಿತು. ಆ ವರ್ಷ ಗಾಂಧಿ ಜಯಂತಿಯ ದಿನ ದೇಶದ ಮೊಟ್ಟಮೊದಲ ಗ್ರಾಮೀಣ ಬ್ಯಾಂಕು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಬಾಗಿಲು ತೆರೆಯಿತು. ಹೆಸರು ಪ್ರಥಮಾ ಬ್ಯಾಂಕ್. ಅದರ ಬೆನ್ನಿಗೆ ನಿಂತದ್ದು ಸಿಂಡಿಕೇಟ್. ಮೊರಾದಾಬಾದ್ ಎಲ್ಲಿ, ಉಡುಪಿ ಎಲ್ಲಿ! ಆಗ ಡಾಕ್ಟರ್ ಪೈಗಳಿಗೆ 77 ವರ್ಷ. ಬ್ಯಾಂಕಿನ ಯಜಮಾನಿಕೆ ಹೋಗಿ ಆರು ವರ್ಷ ಆಗಿತ್ತು.

2020ರ ಏಪ್ರಿಲ್ ಒಂದರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಬೋರ್ಡು ಇಳಿಯಿತು. ಪಿಗ್ಮಿ ಮಾತ್ರ ಎಷ್ಟೋ ಸಹಕಾರಿ ಸಂಘಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಕಾರ್ಡಿನ ಜಾಗಕ್ಕೆ ಅಂಗೈಯಗಲದ ಮಷೀನು ಬಂದಿದೆ, ಚೀಟಿ ಕರಕರ ಅಂತ ಹೊರಗೆ ಬರುತ್ತದೆ. ಮುಂದಿನ ಅಂಗಡಿಗೆ ಹೋಗುವ ಮುಂಚೆ ಕಲೆಕ್ಟರು ಈಗಲೂ ಎರಡು ಮಾತು ಆಡಿಯೇ ಹೋಗುತ್ತಾರೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆ. ನಮಸ್ಕಾರ.